‘ಕೊಡ್ತೇನೆ’ ಅಂದರೆ ಯಾವತ್ತು?

ಜಾಗ ದಾನ ಮಾಡಲು ನನ್ನ ವಕೀಲಿ ಕಚೇರಿಗೆ ಬಂದವರಿಗೆ ನಾನು ಮೊದಲು ಕೇಳುವುದು ಒಂದೇ ಮಾತು: ಯಾವತ್ತಿನಿಂದ? ಕೆಲವರಿಗೆ ಬೇಸರವಾಗುತ್ತದೆ. ಆದರೂ ಕೇಳುತ್ತೇನೆ.

ಕನ್ನಡದಲ್ಲಿ ‘ಕೊಡ್ತೇನೆ’ ಅಂದರೆ ಈಗಲೂ ಆಗಬಹುದು, ಮುಂದೆ ಎಂದಾದರೂ ಆಗಬಹುದು. ಮಲಯಾಳದಲ್ಲಿ ಈಗ ಕೊಡುವ ‘ಕೊಡುಕ್ಕುನ್ನು’ ಬೇರೆ, ಮುಂದೆ ಕೊಡುವ ‘ಕೊಡುಕ್ಕುಂ’ ಬೇರೆ. ನಾವು 1956ರಲ್ಲಿ ಕೇರಳಕ್ಕೆ ಸೇರಿದವರು. ಕಾಸರಗೋಡಿನಲ್ಲಿ ಜಾಗದ ಆಧಾರಪತ್ರ ಬರೆಯುವುದು ಹೆಚ್ಚಾಗಿ ಮಲಯಾಳದಲ್ಲಿ. ಮನೆಯಲ್ಲಿ ಕನ್ನಡದಲ್ಲಿ ಆಡಿದ ಮಾತು ಆ ಕಾಗದಕ್ಕೆ ಇಳಿಯುವಾಗ ಯಾವಾಗ ಎಂದು ಯಾರಾದರೂ ತೀರ್ಮಾನಿಸಲೇಬೇಕು. ಅದು ಬರೆಯುವವನ ಕೆಲಸ ಅಲ್ಲ, ಕೊಡುವವರದ್ದು.

ಬದಿಯಡ್ಕ ಕಡೆಯ ಮಾಷ್ಟ್ರೊಬ್ಬರು ಶಾಲೆಯ ಸಭೆಯಲ್ಲಿ ‘ತೋಟದ ಬದಿಯ 10 ಸೆಂಟ್ಸ್ ಕೊಡ್ತೇನೆ’ ಅಂದರು. ಮರುವಾರವೇ ಕಮಿಟಿಯವರು ಟೇಪು ಹಿಡಿದು ಅಳೆಯಲು ಬಂದರು. ಮಾಷ್ಟ್ರ ಮನಸ್ಸಿನಲ್ಲಿದ್ದದ್ದು ‘ನನ್ನ ಕಾಲದ ನಂತರ’. ಅಲ್ಲಿಯ ಅಡಿಕೆಯಲ್ಲೇ ಅವರ ಮದ್ದಿನ ಖರ್ಚು ನಡೆಯುತ್ತಿತ್ತು.

‘ನಾನು ಸುಳ್ಳು ಹೇಳಿದ ಹಾಗಾಯ್ತಲ್ಲ ವಕೀಲರೇ?’ ಎಂದು ಕಣ್ಣೊರೆಸಿಕೊಂಡರು.

‘ಇಲ್ಲ ಮಾಷ್ಟ್ರೇ, ನೀವು ಹೇಳಿದ್ದು ಒಂದು, ಅವರಿಗೆ ಕೇಳಿಸಿದ್ದು ಇನ್ನೊಂದು.’

ದಾನಪತ್ರ ಅಂದರೆ ಇವತ್ತೇ ಕೊಟ್ಟಂತೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಜಾಗದ ದಾನಕ್ಕೆ ರಿಜಿಸ್ಟ್ರಿ ಆಗಲೇಬೇಕು, ಇಬ್ಬರು ಸಾಕ್ಷಿಗಳು ಬೇಕು, ಪಡೆಯುವವರು ನೀವು ಬದುಕಿರುವಾಗಲೇ ಒಪ್ಪಿಕೊಳ್ಳಬೇಕು. ಆಮೇಲೆ ಮನಸ್ಸು ಬದಲಾಯಿತು ಅಂತ ಸುಮ್ನೆ ರದ್ದು ಮಾಡಲು ಬರುವುದಿಲ್ಲ. ಇದನ್ನು ದಿನಕ್ಕೆ ಮೂರು ಸಲ ಹೇಳುತ್ತೇನೆ: ದಾನ ಮಾಡಿದ ಜಾಗ ಮತ್ತೆ ನಿಮ್ಮದಲ್ಲ. ಮರಣಶಾಸನವನ್ನಾದರೆ ಉಸಿರಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ರಿಜಿಸ್ಟ್ರಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಮಾತ್ರ ಬೇಕೇ ಬೇಕು. (ಮುಸ್ಲಿಮರ ಹಿಬಾಕ್ಕೆ, ಅಂದರೆ ದಾನಕ್ಕೆ, ಮತ್ತು ಅವರ ಮರಣಶಾಸನಕ್ಕೂ ನಿಯಮ ಬೇರೆ. ಯಾರದೇ ಆಗಲಿ, ಕಾಗದ ನೋಡದೆ ನಾನು ಖಂಡಿತ ಹೇಳುವುದಿಲ್ಲ.)

ಮರಣಶಾಸನ ಬೇಕಾದವರೂ ‘ದಾನ ಬರೀರಿ’ ಅನ್ನುವುದೇಕೆ? ಹೆಂಡತಿ ಪಕ್ಕದಲ್ಲಿ ಕೂತಿರುವಾಗ ‘ಮರಣ’ ಅನ್ನಲು ಬಾಯಿ ಬರುವುದಿಲ್ಲ, ಅಲ್ವಾ? ಅದಕ್ಕೇ ಮರಣಶಾಸನಕ್ಕೆ ನಾನು ಮಲಯಾಳದ ‘ಒಸ್ಯತ್ತ್’ ಅನ್ನುತ್ತೇನೆ. ನಮ್ಮ ಕಿವಿಗೆ ಅದರಲ್ಲಿ ಸಾವು ಕೇಳಿಸುವುದಿಲ್ಲ. ಮಾತು ಸಲೀಸಾಗುತ್ತದೆ.

ಮಾಷ್ಟ್ರು ಕೊನೆಗೆ 2 ಸೆಂಟ್ಸಿಗೆ ದಾನಪತ್ರ ಮಾಡಿದರು, ಉಳಿದ 8ಕ್ಕೆ ಒಸ್ಯತ್ತ್. ಮುಂದಿನ ಸಭೆಯಲ್ಲಿ ಎದ್ದು ನಿಂತು, ‘ಎರಡು ಕೊಟ್ಟಾಯ್ತು. ಎಂಟು ನಾನು ಹೋದ ಮೇಲೆ’ ಅಂದರಂತೆ.