ಫೋಟೊರಿಯಲಿಸಂ: ‘ಫೋಟೊ ಇದ್ದಂಗೇ ಅದ’ ಅಂದರೆ ಸಾಲದು

ಕಲಬುರಗಿಯಲ್ಲಿ ಯಾರಾದರೂ ಬಿಡಿಸಿದ ಮುಖ ಚೆನ್ನಾಗಿ ಬಂದಿದ್ದರೆ ಮೊದಲು ಬರುವ ಮಾತು ‘ಏ, ಫೋಟೊ ಇದ್ದಂಗೇ ಅದ ನೋಡ್ರಿ’. ಫೋಟೊರಿಯಲಿಸಂ ಅನ್ನುವ ಚಿತ್ರಶೈಲಿ ಅಂದರೆ ಇದೇ ಅಲ್ವಾ ಅಂತ ಗೆಳೆಯನೊಬ್ಬ ಕೇಳಿದ. ಪೂರ್ತಿ ಇದೇ ಅಲ್ಲ. ನಾವು ಹಾಗೆ ಹೊಗಳುವುದು ಮನುಷ್ಯನ ಹೋಲಿಕೆಯನ್ನು. ಫೋಟೊರಿಯಲಿಸಂನವರು ಬಿಡಿಸುವುದು ಆ ಮನುಷ್ಯನ ಫೋಟೊವನ್ನು.

ನಮ್ಮ ಮನೆಯದೇ ಕತೆ ಹೇಳುತ್ತೇನೆ. ಮುತ್ಯಾ, ಅಂದರೆ ನಮ್ಮ ಅಜ್ಜ, ತೀರಿಕೊಂಡಾಗ ಇದ್ದದ್ದು ಒಂದೇ ಫೋಟೊ, ಅದೂ ಕೋಟೆ ಮುಂದೆ ಮಟಮಟ ಮಧ್ಯಾಹ್ನ ತೆಗೆದದ್ದು. ಬಿಸಿಲಿಗೆ ಕಣ್ಣು ಕಿರಿದಾಗಿವೆ, ಮೂಗಿನ ಕೆಳಗೆ ಮಸಿ ಬಳಿದಂಥ ನೆರಳು, ಒಂದು ಭುಜ ಫೋಟೊದಲ್ಲೇ ಇಲ್ಲ. ಅದನ್ನು ನೋಡಿ ದೊಡ್ಡ ಚಿತ್ರ ಬಿಡಿಸಿಕೊಟ್ಟವರು ಕಣ್ಣು ತೆರೆಸಿದರು, ನೆರಳು ಅಳಿಸಿದರು, ಭುಜ ಸೇರಿಸಿದರು, ಮುತ್ಯಾ ಎಂದೂ ತೊಡದ ಕರಿ ಕೋಟು ಬೇರೆ ಹಾಕಿದರು. (ಆಯಿಗೆ ಆ ಕೋಟೇ ಜಾಸ್ತಿ ಹಿಡಿಸಿತು.) ಫೋಟೊರಿಯಲಿಸ್ಟ್ ಆಗಿದ್ದರೆ ಆ ಕಿರಿದಾದ ಕಣ್ಣು, ಕರಿ ನೆರಳು, ತುಂಡಾದ ಭುಜ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಕ್ಯಾಮೆರಾ ಹೇಗೆ ನೋಡುತ್ತದೆ ಅನ್ನುವುದೇ ಅವರಿಗೆ ವಿಷಯ.

ಫೋಟೊರಿಯಲಿಸಂ ಅನ್ನುವ ಪದ ಅಮೆರಿಕದ್ದು. ನ್ಯೂಯಾರ್ಕಿನಲ್ಲಿ ಗ್ಯಾಲರಿ ನಡೆಸುತ್ತಿದ್ದ ಲೂಯಿಸ್ ಮೈಸೆಲ್ 1969ರಲ್ಲಿ ಇದನ್ನು ಟಂಕಿಸಿದರು, ಮರುವರ್ಷ ವಿಟ್ನಿ ಮ್ಯೂಸಿಯಂನ ಪ್ರದರ್ಶನದ ಪುಸ್ತಕದಲ್ಲಿ ಅಚ್ಚಾಯಿತು.

ಚಿತ್ರಗಳು ಮಾತ್ರ ಹೆಸರಿಗಿಂತ ಮೊದಲೇ ಬಂದಿದ್ದವು. ಅಮೆರಿಕದ ಚಿತ್ರಕಾರ ಚಕ್ ಕ್ಲೋಸ್ 1967-68ರಲ್ಲಿ ತಮ್ಮದೇ ಮುಖವನ್ನು ಸುಮಾರು 9 ಅಡಿ ಎತ್ತರಕ್ಕೆ ಕಪ್ಪು ಬಿಳುಪಿನಲ್ಲಿ ಬಿಡಿಸಿದರು. ಮುಖದ ಮೇಲಿನ ಕುರುಚಲು ಕೂದಲನ್ನು ಎಣಿಸಬಹುದು ಅನ್ನಿಸುತ್ತದೆ, ಆದರೆ ಭುಜದ ಕಡೆಗೆ ಬಂದರೆ ಮಸುಕು. ಎದುರಿಗೆ ಕೂತವರನ್ನು ನೋಡುವಾಗ ನಮಗೆ ಈ ಮಸುಕು ಗಮನಕ್ಕೇ ಬರುವುದಿಲ್ಲ, ಯಾಕೆಂದರೆ ಕಣ್ಣು ಎಲ್ಲಿ ಹೊರಳುತ್ತದೋ ಅಲ್ಲಿ ಫೋಕಸ್ ಆಗುತ್ತದೆ. ಲೆನ್ಸಿನ ಫೋಕಸ್ ಒಂದು ದೂರಕ್ಕೆ ನಿಂತರೆ ಅಲ್ಲೇ ನಿಂತಿತು. ಕ್ಲೋಸ್ ಆ ಮಸುಕನ್ನೂ ಅಷ್ಟೇ ಶ್ರದ್ಧೆಯಿಂದ ಬಿಡಿಸಿದ್ದಾರೆ. ವಿಧಾನ ನಮ್ಮ ಬೋರ್ಡ್ ಬರೆಯುವವರಿಗೂ ಗೊತ್ತಿದ್ದದ್ದೇ: ಫೋಟೊ ಮೇಲೆ ಚೌಕ ಹಾಕು, ಕ್ಯಾನ್ವಾಸ್ ಮೇಲೆ ಅಷ್ಟೇ ಚೌಕ ದೊಡ್ಡದಾಗಿ ಹಾಕು, ಒಂದೊಂದಾಗಿ ತುಂಬು. ಇನ್ನು ಕೆಲವರು ಸ್ಲೈಡನ್ನು ಪ್ರೊಜೆಕ್ಟರ್‌ನಿಂದ ಕ್ಯಾನ್ವಾಸ್ ಮೇಲೆ ಬಿಟ್ಟು ಗೆರೆ ಎಳೆದುಕೊಳ್ಳುತ್ತಿದ್ದರು.

ಪುರಾಣದ ದೇವರನ್ನು ಬಿಡಿಸಿದ ನಮ್ಮೂರಿನ ಚಿತ್ರಕಾರ ಎಸ್.ಎಂ. ಪಂಡಿತರನ್ನು ಈ ಸಾಲಿಗೆ ಸೇರಿಸಬೇಡಿ. ಅವರ ಮೈಬಣ್ಣ, ಒಡವೆ, ರೇಷ್ಮೆ ಎಲ್ಲ ಮುಟ್ಟುವಂತಿವೆ, ನಿಜ. ಆದರೆ ಪುರಾಣದ ದೇವರ ಫೋಟೊ ಯಾರು ತೆಗೆದಿದ್ದರು?

ಹಾಗಾದರೆ ಸುಮ್ನೆ ಫೋಟೊನೇ ದೊಡ್ಡದು ಮಾಡಿ ತೂಗುಹಾಕಬಾರದೇ ಅಂದರೆ, ಹಾಕಬಹುದು. ಆಗ ‘ಫೋಟೊ’ ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ, ಮಸುಕನ್ನು ಯಾರೂ ನೋಡುವುದಿಲ್ಲ. ಒಬ್ಬರು ತಿಂಗಳುಗಟ್ಟಲೆ ಕೂತು ಆ ಮಸುಕನ್ನೇ ಬಿಡಿಸಿದ್ದಾರೆ ಅಂತ ಗೊತ್ತಾದರೆ ಕಾಲು ನಿಲ್ಲುತ್ತದೆ. ನಕಲು ಅಂತ ಬೈಯುವವರು ರಿಚರ್ಡ್ ಎಸ್ಟೆಸ್ ಅವರನ್ನೂ ನೋಡಬೇಕು. ಅಂಗಡಿ ಗಾಜಿನಲ್ಲಿ ಬೀದಿಯ ಪ್ರತಿಬಿಂಬ ಬಿಡಿಸುವಾಗ ಅವರು ಹಲವು ಫೋಟೊ ಸೇರಿಸಿ ಒಂದು ಮಾಡುತ್ತಾರೆ. ಫೋಟೊದಂತೆಯೇ ಕಾಣುವ ಆ ಚಿತ್ರಕ್ಕೆ ಮೂಲವಾದ ಒಂದು ಫೋಟೊ ಎಲ್ಲೂ ಇಲ್ಲ.