ಹಳೆ ಬಿಲ್ಲಿಗೆ ದುಡ್ಡು ಸುರಿಯೋ ಮುಂಚೆ ನಿಮ್ಮ ತೋಳು ಅಳೆಸಿ

ಇಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಬಹುತೇಕ ಕಡೆ ಬಿಲ್ಲಿನ ಜಿಂಕೆ ಬೇಟೆಗೆ ಹೆಚ್ಚುಕಡಿಮೆ ಅಕ್ಟೋಬರ್‌ ಬರಬೇಕು. ನಮ್ಮ ಬಿಲ್ಲು-ಬಾಣದ ಅಂಗಡಿಯಲ್ಲಿ ಆಗಸ್ಟ್‌ನಿಂದಲೇ ಕೈಗೆ ಬಿಡುವಿರುವುದಿಲ್ಲ. ಹತ್ತು ಹದಿನೈದು ವರ್ಷದ ಕಾಂಪೌಂಡ್ ಬಿಲ್ಲನ್ನು (ತುದಿಗಳಲ್ಲಿ ರಾಟೆಯಿರುವ ಬಿಲ್ಲು) ಡಿಕ್ಕಿಯಿಂದ ಇಳಿಸಿ, "ಇದನ್ನೇ ಸರಿ ಮಾಡಿಸಲಾ, ಹೊಸದು ತಗೊಳ್ಳಲಾ?" ಅಂತ ಕೇಳುತ್ತಾರೆ. ಈಚೆಗೆ ಕನ್ನಡದಲ್ಲೇ ಕೇಳುವವರೂ ಬರುತ್ತಿದ್ದಾರೆ, ನನಗೆ ತುಂಬಾ ಖುಷಿ. (ಊರಲ್ಲಿ ಓದುತ್ತಿರುವವರು ಗಮನಿಸಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಭಾರತದಲ್ಲಿ ಜಿಂಕೆ ಬೇಟೆ ಅಪರಾಧ. ನಾನು ಬರೆಯುತ್ತಿರುವುದು ಇಲ್ಲಿ ಲೈಸೆನ್ಸ್ ಪಡೆದು ಬೇಟೆಗೆ ಹೋಗುವವರ ಬಗ್ಗೆ.)

ಮೊನ್ನೆ ದಾವಣಗೆರೆ ಕಡೆಯವರೊಬ್ಬರು ಬಂದಿದ್ದರು. "ಸರ್, ಬಿಲ್ಲು ಹಳೇದಾಯ್ತು ಅನ್ಸುತ್ತೆ, ಸ್ಪೀಡೇ ಇಲ್ಲ" ಅಂದರು. ಆಫೀಸಿನ ಗೆಳೆಯನಿಂದ ಕೊಂಡ ಬಿಲ್ಲು. ಅದಕ್ಕೆ ಆಗಲೇ ಗುರಿ ನೋಡುವ ಹೊಸ ಸೈಟ್, ಬಾಣ ಕೂರಿಸುವ ಹೊಸ ರೆಸ್ಟ್, ಬಿಲ್ಲು ಅಲುಗದಂತೆ ಇಡುವ ಸ್ಟೆಬಿಲೈಸರ್ ಎಲ್ಲ ಹಾಕಿಸಿದ್ದರು. ನಾನು ಅವರ ಎಡಗೈ ನೋಡಿದೆ. ಮೊಣಕೈಯಿಂದ ಕೆಳಗೆ ನೇರಳೆ ಹಣ್ಣು ತಿಕ್ಕಿದ ಹಾಗೆ ಕಪ್ಪಗಾಗಿತ್ತು. ಹೆದೆ ಪ್ರತಿ ಸಲ ಅಲ್ಲಿಗೇ ಬಡಿದಿದೆ.

ಗೋಡೆಗೆ ನಿಲ್ಲಿಸಿ ಎರಡೂ ತೋಳು ಚಾಚಿಸಿದೆ. ಬೆರಳ ತುದಿಯಿಂದ ತುದಿಗೆ 66 ಇಂಚು. ಅದನ್ನು 2.5ರಿಂದ ಭಾಗಿಸಿದರೆ ಅವರಿಗೆ ಹೊಂದುವ ಎಳೆತದ ಉದ್ದ (ಡ್ರಾ ಲೆಂಗ್ತ್) ಸಿಗುತ್ತದೆ, ಇಪ್ಪತ್ತಾರೂವರೆ ಇಂಚಿನ ಹತ್ತಿರ ಬರುತ್ತದೆ. ಬಿಲ್ಲು ಇದ್ದದ್ದು 29 ಇಂಚಿಗೆ. ಮಾರಿದ ಗೆಳೆಯ ಆರಡಿ ಮೀರಿದ ಆಳಂತೆ.

ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ. ನಮ್ಮ ಹಳೆಯ ಮರದ ಬಿಲ್ಲಿನ ಹಾಗೆ ಕಾಂಪೌಂಡ್ ಬಿಲ್ಲನ್ನು ನಿಮಗೆ ಬೇಕಾದಷ್ಟೇ ಎಳೆದು ನಿಲ್ಲಿಸಲು ಆಗುವುದಿಲ್ಲ. ತುದಿಯ ರಾಟೆ, ಅಂದರೆ ಕ್ಯಾಮ್, ತಿರುಗುತ್ತದೆ, ಭಾರ ಇಳಿಯುತ್ತದೆ, ಆಮೇಲೆ ಗೋಡೆ ಸಿಕ್ಕ ಹಾಗೆ ನಿಂತುಬಿಡುತ್ತದೆ. ಅದು ಎಲ್ಲಿ ನಿಲ್ಲಬೇಕು ಅಂತ ನಿರ್ಧರಿಸುವುದು ಕ್ಯಾಮ್, ನೀವಲ್ಲ. ಆ ಜಾಗ ನಿಮ್ಮ ದವಡೆ ದಾಟಿ ಕಿವಿಯ ಹತ್ತಿರ ಬಂದರೆ ತಲೆ ಹಿಂದಕ್ಕೆ ವಾಲುತ್ತದೆ, ಬಿಲ್ಲು ಹಿಡಿದ ಕೈ ಸೆಟೆದುಕೊಳ್ಳುತ್ತದೆ, ಕೈ ನಿಲ್ಲಿಸುವ ಜಾಗ ದಿನಕ್ಕೊಂದಾಗುತ್ತದೆ. ಮುನ್ನೂರು ಡಾಲರಿನ ಸೈಟ್ ಇದನ್ನು ಸರಿ ಮಾಡಲ್ಲ. ಹೊಸ ಬಿಲ್ಲು ತಂದರೂ ಅಳತೆ ತಪ್ಪಿದ್ದರೆ ಅದೇ ಕಥೆ. ಭಾಗಾಕಾರದ ಲೆಕ್ಕ ಬರೀ ಅಂದಾಜು. ಅರ್ಧ ಇಂಚು ಆಚೀಚೆ ಆಗಬಹುದು, ಎಳೆಸಿ ನೋಡದೆ ನಾನು ಖಚಿತವಾಗಿ ಹೇಳಲಾರೆ.

ಎಳೆತದ ಉದ್ದ ಬದಲಿಸಲು ಕೆಲವು ಬಿಲ್ಲುಗಳಲ್ಲಿ ಕ್ಯಾಮಿನ ಮೇಲಿನ ಮಾಡ್ಯೂಲ್ ಅನ್ನುವ ತುಂಡನ್ನು ಸರಿಸಿದರೆ ಸಾಕು, ಹತ್ತು ನಿಮಿಷದ ಕೆಲಸ. ಇನ್ನು ಕೆಲವಕ್ಕೆ ಇಡೀ ಕ್ಯಾಮನ್ನೇ ಬದಲಿಸಬೇಕು. ಇವರದು ಎರಡನೇ ಜಾತಿ, ಆ ಕ್ಯಾಮ್ ತಯಾರಿಕೆ ನಿಂತು ವರ್ಷಗಳಾಗಿವೆ. ಹಾಗಾಗಿ ಹೊಸದು ತಗೊಳ್ಳಿ ಅಂದೆ, ಅದೂ ಹಿಂದಿನ ವರ್ಷದ ಮಾಡೆಲ್. ಸೈಟು, ರೆಸ್ಟು ಬಿಚ್ಚಿ ಅದಕ್ಕೇ ಹಾಕಿಕೊಟ್ಟೆ. ಬಿಚ್ಚಿಕೊಂಡು ಹೋಗಬಹುದಾದ್ದಕ್ಕೆ ಹಾಕಿದ ದುಡ್ಡು ಎಲ್ಲೂ ಹೋಗಲ್ಲ. ಕ್ಯಾಮ್, ಲಿಂಬ್ (ಬಿಲ್ಲಿನ ಬಾಗುವ ಪಟ್ಟಿಗಳು), ಹೆದೆ ಮಾತ್ರ ಆ ಬಿಲ್ಲಿನ ಜೊತೆಗೇ ಉಳಿಯುತ್ತವೆ.

ಅಳತೆ ಸರಿಯಿದ್ದು ಲಿಂಬ್ ಗಟ್ಟಿಯಿದ್ದರೆ ಹಳೇದನ್ನು ಬಿಡಬೇಡಿ. ಹೆದೆ, ಕೇಬಲ್ ಹೊಸದಾಗಿ ಹಾಕಿಸಿ, ಎರಡು ಮೂರು ವರ್ಷಕ್ಕೊಮ್ಮೆ ಅದು ಹೇಗೂ ಬೇಕು. ಇನ್ನು ಸ್ಪೀಡಿನ ಮಾತು. 20 ಗಜ ಅಂದರೆ 60 ಅಡಿ. ಸೆಕೆಂಡಿಗೆ 260 ಅಡಿ ಹೋಗುವ ಬಾಣಕ್ಕೂ 290 ಅಡಿ ಹೋಗುವ ಬಾಣಕ್ಕೂ ಅಷ್ಟು ದೂರದಲ್ಲಿರುವ ವ್ಯತ್ಯಾಸ ಸೆಕೆಂಡಿನ ಸುಮಾರು ನಲವತ್ತರಲ್ಲಿ ಒಂದು ಪಾಲು. ಶಬ್ದ ಹೋಗುವುದು ಸೆಕೆಂಡಿಗೆ ಸುಮಾರು 1,100 ಅಡಿ. ಎರಡೂ ಬಾಣಗಳಿಗಿಂತ ಮೊದಲೇ ಬಿಲ್ಲಿನ ಸದ್ದು ಜಿಂಕೆಯ ಕಿವಿಗೆ ಬಿದ್ದಿರುತ್ತದೆ. ಸದ್ದು ಕಡಿಮೆ ಮಾಡಲು ಖರ್ಚು ಮಾಡಿ ಅನ್ನುತ್ತೇನೆ.

ಲಿಂಬ್ ಪರೀಕ್ಷೆಗೆ ನಾನು ಹತ್ತಿ ಉಂಡೆ ಬಳಸುತ್ತೇನೆ. ಅಂಚಿನುದ್ದಕ್ಕೂ ಮೆಲ್ಲಗೆ ಸವರುತ್ತಾ ಹೋಗಬೇಕು. ಕಣ್ಣಿಗೆ ಕಾಣದ ಸೀಳಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಹೋದ ವರ್ಷ ವಯಸ್ಸಾದವರೊಬ್ಬರು ತೀರಿಹೋದ ತಮ್ಮನ ಬಿಲ್ಲು ತಂದಿದ್ದರು. ಮೇಲಿನ ಲಿಂಬಿನ ಬೋಲ್ಟ್ ಹತ್ತಿರ ಒಂದೇ ಒಂದು ಬಿಳಿ ಎಳೆ ನಿಂತುಕೊಂಡಿತು. ಬರೀ ಒಂದು ಬಾಣ ಬಿಡಲಾ ಅಂತ ಕೇಳಿದರು. ಬೇಡ ಅಂದೆ. ಒಡೆದರೆ ಚೂರು ಬಂದು ಬಡಿಯುವುದು ಮುಖಕ್ಕೆ. ಹಾಗೆ ಹೇಳುವಾಗ ಹೊಟ್ಟೆ ಚುರ್ ಅಂತು. ಹತ್ತಿ ಸಿಕ್ಕಿಕೊಳ್ಳಲಿಲ್ಲ ಅಂದ ಮಾತ್ರಕ್ಕೆ ಒಳಗೂ ಸರಿಯಿದೆ ಅಂತ ಅಲ್ಲ, ಗೊತ್ತಿರುವವರಿಗೆ ಒಮ್ಮೆ ತೋರಿಸಿ.

ಬರುವಾಗ ನಿಮ್ಮ ಬಾಣ, ರಿಲೀಸ್ (ಹೆದೆ ಹಿಡಿದು ಬಿಡುವ ಸಾಧನ) ಎರಡನ್ನೂ ತನ್ನಿ. ದಯವಿಟ್ಟು ಸೆಪ್ಟೆಂಬರ್ ಕೊನೇ ವಾರಕ್ಕೆ ಕಾಯಬೇಡಿ. ಹೊಸ ಹೆದೆ ಕೂತುಕೊಳ್ಳಲು ನೂರಿನ್ನೂರು ಬಾಣವಾದರೂ ಬಿಡಬೇಕು. ಅಲ್ಲಿಯವರೆಗೆ ಪೀಪ್ (ಗುರಿ ನೋಡಲು ಹೆದೆಯಲ್ಲಿ ಕೂರಿಸಿದ ತೂತಿನ ಬಿಲ್ಲೆ) ತಿರುಗುತ್ತಲೇ ಇರುತ್ತದೆ, ಅದಕ್ಕೆ ಇನ್ನೊಮ್ಮೆ ನನ್ನ ಹತ್ತಿರ ಬರಲೇಬೇಕಾಗುತ್ತದೆ.