ರಾತ್ರಿ ನಿಮ್ಮ ನಾಯಿ ಎಲ್ಲಿ ಮಲಗುತ್ತೆ?

ಬೆಳಗ್ಗೆ ಆರೂವರೆಗೆ ಫೋನ್ ಬಂತು ಅಂದರೆ ಎಲ್ಲೋ ಹಸು ಕರು ಹಾಕಲು ತಿಣುಕುತ್ತಿದೆ ಎಂದೇ ಲೆಕ್ಕ. ಆ ದಿನ ಹಾಗಿರಲಿಲ್ಲ. "ಡಾಕ್ಟ್ರೇ, ನಮ್ಮ ನಾಯಿ ಕರಿಯನ್ನ ಕುರ್ಕ ಹೊತ್ಕೊಂಡು ಹೋಯ್ತು. ನೀವು ಬಂದು ಮಾಡೋದು ಏನೂ ಇಲ್ಲ. ಹೇಳ್ಬೇಕು ಅನ್ನಿಸ್ತು, ಹೇಳ್ದೆ" ಎಂದರು ಯಜಮಾನರು. ಕುರ್ಕ ಅಂದರೆ ನಮ್ಮ ಕಡೆ ಚಿರತೆ.

ಆ ದಾರಿಯಲ್ಲೇ ಇನ್ನೊಂದು ಮನೆಯ ಕರೆ ಇತ್ತು. ಹೋಗುತ್ತಾ ಕರಿಯನ ಮನೆಯಲ್ಲೂ ಇಳಿದೆ. ಅಂಗಳದ ತುದಿಯ ಹಲಸಿನ ಮರಕ್ಕೆ ಸುತ್ತಿದ ಸರಪಳಿ ಹಾಗೇ ಇತ್ತು. ಅದರ ತುದಿಯಲ್ಲಿ ಬೆಲ್ಟು. ಬಕಲ್ ಹಾಕಿದ್ದು ಹಾಕಿದಂತೆಯೇ ಇದೆ, ಒಳಗಿದ್ದ ಕುತ್ತಿಗೆ ಮಾತ್ರ ಇಲ್ಲ. ನೆಲದ ಮೇಲೆ ಅಂಗೈ ಅಗಲದಷ್ಟು ರಕ್ತ. ಮನೆಯಲ್ಲಿ ಐದು ಜನ ಮಲಗಿದ್ದರು, ಒಬ್ಬರಿಗೂ ಒಂದು ಸದ್ದು ಕೇಳಿರಲಿಲ್ಲ.

ತೀರ್ಥಹಳ್ಳಿ, ಹೊಸನಗರ ಕಡೆಯ ಹಳ್ಳಿಗಳಲ್ಲಿ ದನ, ನಾಯಿ ನೋಡಿಕೊಂಡು ಓಡಾಡುವ ನನಗೆ ಇದು ಹೊಸದಲ್ಲ. ಆದರೆ ಆ ಬೆಲ್ಟು ನೋಡಿದ ಮೇಲೆ ಒಂದು ಅಭ್ಯಾಸ ಶುರುವಾಯಿತು. ನಾಯಿಗೆ ಏನೇ ಆಗಿ ಯಾರೇ ಬಂದರೂ, ಜ್ವರವೋ ಗಾಯವೋ ಕೇಳುವ ಮೊದಲು ಇದನ್ನು ಕೇಳುತ್ತೇನೆ: ರಾತ್ರಿ ಎಲ್ಲಿ ಮಲಗುತ್ತೆ? ಅರ್ಧ ರೋಗ ಆ ಉತ್ತರದಲ್ಲೇ ಗೊತ್ತಾಗುತ್ತದೆ. ಬರುವ ಉತ್ತರ ಎರಡೇ. ಒಂದು, "ಬಿಟ್ಟಿರ್ತೀವಿ, ಎಲ್ಲೋ ತಿರುಗಾಡಿಕೊಂಡು ಬರುತ್ತೆ." ಇನ್ನೊಂದು, "ಅಂಗಳದಲ್ಲಿ ಕಟ್ಟಿರ್ತೀವಿ." ನನ್ನ ಮಟ್ಟಿಗೆ ಎರಡೂ ತಪ್ಪೇ. ಎರಡನೆಯದು ಜಾಸ್ತಿ ತಪ್ಪು.

ಚಿರತೆ ಹಿಡಿಯಲು ಅರಣ್ಯ ಇಲಾಖೆಯವರು ಬೋನು ತಂದಿಡುತ್ತಾರಲ್ಲ, ಅದರೊಳಗೆ ಏನು ಕಟ್ಟುತ್ತಾರೆ? ಆಡು, ಇಲ್ಲವೇ ನಾಯಿ. ಅಂಗಳದಲ್ಲಿ ಸರಪಳಿ ಹಾಕಿದ ನಾಯಿಗೂ ಅದಕ್ಕೂ ಇರುವ ವ್ಯತ್ಯಾಸ ಇಷ್ಟೇ, ನಮ್ಮಲ್ಲಿ ಬೋನು ಇಲ್ಲ. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಮಲ ಕೂಡಿಸಿ, ಅದು ಏನೇನು ತಿಂದಿದೆ ಎಂದು ಪತ್ತೆ ಮಾಡಿದ್ದರು. 2016ರಲ್ಲಿ ಅದು ಪ್ರಕಟವಾಯಿತು. ತಿಂದ ಮಾಂಸದ ತೂಕದಲ್ಲಿ ಶೇ. 39ರಷ್ಟು ನಾಯಿಯದೇ. ಆ ಊರುಗಳಲ್ಲಿ ನಾಯಿಗಿಂತ ಏಳು ಪಟ್ಟು ಆಡುಗಳಿದ್ದವು, ಆದರೂ ಆಡಿನ ಪಾಲು ಶೇ. 11 ಮಾತ್ರ. ಕಾರಣ ಸರಳ. ಆಡನ್ನು ರಾತ್ರಿ ಒಳಗೆ ಕೂಡುತ್ತಾರೆ. ನಾಯಿಯನ್ನು ಕೂಡುವುದಿಲ್ಲ.

ಇಲ್ಲಿ ನಮ್ಮ ರೈತರ ಕಷ್ಟವನ್ನೂ ಹೇಳಬೇಕು. ಮಲೆನಾಡಿನಲ್ಲಿ ನಾಯಿ ಶೋಕಿಗೆ ಸಾಕುವುದಲ್ಲ, ಅದಕ್ಕೆ ಕೆಲಸ ಇದೆ. ಹಗಲು ಮಂಗ ಓಡಿಸಬೇಕು, ರಾತ್ರಿ ಹಂದಿ ಬಂದರೆ ಬೊಗಳಬೇಕು. "ಒಳಗೆ ಹಾಕಿ ಮಲಗಿಸೋಕೆ ನಾಯಿ ಯಾಕೆ ಡಾಕ್ಟ್ರೇ, ಬೆಕ್ಕು ಸಾಕ್ತಿದ್ವಿ" ಎಂದವರಿದ್ದಾರೆ. ಮಾತು ಸುಳ್ಳಲ್ಲ. ನಾನು ಹೇಳುವುದಿಷ್ಟು: ಬೊಗಳೋದಕ್ಕೆ ಹೊರಗೇ ಇರಬೇಕು ಅಂತೇನೂ ಇಲ್ಲ. ಗಟ್ಟಿ ಗೂಡಿನೊಳಗಿದ್ದರೂ ಅಷ್ಟೇ ಜೋರಾಗಿ ಬೊಗಳುತ್ತದೆ. ಧೈರ್ಯ ಬಂದು ಇನ್ನೂ ಜಾಸ್ತಿಯೇ ಬೊಗಳುತ್ತದೆ. ಗೂಡು ಅಂದರೆ ಕೋಳಿ ಬಲೆ ಸುತ್ತಿದ ಪೆಟ್ಟಿಗೆ ಆಗಬಾರದು. ಚಿರತೆ ಪಂಜ ಹಾಕಿ ಎಳೆದರೆ ಕೋಳಿ ಬಲೆ ಹರಿದು ಬರುತ್ತದೆ. ದಪ್ಪ ವೆಲ್ಡ್ ಮೆಶ್ ಬೇಕು, ಮೇಲೂ ಮುಚ್ಚಿರಬೇಕು, ಹೊರಗಿನಿಂದ ಕಬ್ಬಿಣದ ಚಿಲಕ ಇರಬೇಕು. ಜಾಗ ಮನೆಯ ಗೋಡೆಗೆ ತಾಗಿಕೊಂಡಿರಲಿ, ತೋಟದ ಅಂಚಿನಲ್ಲಿ ಬೇಡ. ಗೂಡು ಮಾಡಿಸುವ ತನಕ ಕಟ್ಟಿಗೆ ಕೊಟ್ಟಿಗೆಯೊಳಗೆ ಕೂಡಿ ಬಾಗಿಲು ಹಾಕಿದರೂ ನಡೆಯುತ್ತದೆ.

ಬಿಟ್ಟ ನಾಯಿಯ ಕಥೆ ಬೇರೆ. ಅದು ರಾತ್ರಿ ಒಂದು ಸುತ್ತು ಹೊಡೆದು ಬರುತ್ತದೆ. ನಾವು ಕಾಡುಪ್ರಾಣಿ ಊರಿಗೆ ಬರುತ್ತವೆ ಎಂದು ಗೋಳಾಡುತ್ತೇವೆ. ನಮ್ಮ ನಾಯಿ ದಿನಾ ಕಾಡಿಗೆ ಹೋಗಿ ಬರುವುದು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಹೋಗುವಾಗ ಬರಿಗಾಲಲ್ಲಿ ಹೋಗುತ್ತೆ, ಬರುವಾಗ ಬರಿಗೈಯಲ್ಲಿ ಬರುವುದಿಲ್ಲ.

ಮೊದಲನೆಯದಾಗಿ ತರುವುದು ಉಣುಗು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಸಾಗರ ತಾಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಇದೇ ಕಾಯಿಲೆಗೆ ಜನ ಸತ್ತದ್ದನ್ನು ಈ ಭಾಗದವರಿಗೆ ನಾನು ಹೇಳಬೇಕಾಗಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಹರಡಿಸುವುದು ಉಣುಗು. ಅದರಲ್ಲೂ ಡಿಸೆಂಬರಿನಿಂದ ಮೇ ತನಕ ತರಗೆಲೆಯಲ್ಲಿ ಅಡಗಿ ಕೂರುವ ಮರಿ ಉಣುಗು. ಎಳ್ಳಿನ ಕಾಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗೆಲ್ಲ ಇಳಿದು ಅಲ್ಲೇ ಸುತ್ತಮುತ್ತ ಹರಡಿಕೊಳ್ಳುತ್ತವೆ. ಸತ್ತ ಮಂಗದ ವಾಸನೆಗೆ ಮೊದಲು ಓಡುವವರು ಯಾರು? ನಮ್ಮ ನಾಯಿ. ಮೂಸಿ, ಹೊರಳಾಡಿ, ಮನೆಗೆ ಬಂದು ಜಗುಲಿಯಲ್ಲಿ ಮಲಗುತ್ತದೆ. ಪಕ್ಕದಲ್ಲೇ ಮಗು ಆಡುತ್ತಿರುತ್ತದೆ.

ಆ ಆರು ತಿಂಗಳು ನಾಯಿಯನ್ನು ಸೊಪ್ಪಿನ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಡಿ. ಕೊಟ್ಟಿಗೆಗೆ ದರಗು, ಅಂದರೆ ಒಣ ತರಗೆಲೆ, ತರುವುದನ್ನೂ ನಿಲ್ಲಿಸಿದರೆ ಒಳ್ಳೆಯದು. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ನಮಗೋ ತಿಳಿಸಿ.

ಉಣುಗಿನ ಔಷಧಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ದನಕ್ಕೆ ತಂದ ಡೆಲ್ಟಾಮೆಥ್ರಿನ್ ದ್ರಾವಣ ಉಳಿಯಿತು ಅಂತ ಬೆಕ್ಕಿಗೂ ಬಳಿಯುತ್ತಾರೆ. ಬೆಕ್ಕಿನ ಲಿವರ್‌ಗೆ ಆ ಜಾತಿಯ ಔಷಧಿಯನ್ನು ಅರಗಿಸುವ ಶಕ್ತಿ ಇಲ್ಲ. ಅದು ನಡುಗುತ್ತಾ, ಜೊಲ್ಲು ಸುರಿಸುತ್ತಾ ನನ್ನ ಮೇಜಿನ ಮೇಲೆ ಬರುತ್ತದೆ. ಎಲ್ಲವನ್ನೂ ಉಳಿಸಿಕೊಳ್ಳಲು ಆಗಿಲ್ಲ. ದನಕ್ಕೆ ಕೊಡುವ ಐವರ್ಮೆಕ್ಟಿನ್ ಇಂಜೆಕ್ಷನ್ ಅನ್ನು ಅಂದಾಜಿನ ಮೇಲೆ ನಾಯಿಗೆ ಚುಚ್ಚುವವರೂ ಇದ್ದಾರೆ. ದಯವಿಟ್ಟು ಬೇಡ. ದನದ ತೂಕ ಎಲ್ಲಿ, ನಾಯಿಯ ತೂಕ ಎಲ್ಲಿ?

ಎರಡನೆಯದು ರೇಬೀಸ್. ಇದರ ಬಗ್ಗೆ ಬರೆಯುವಾಗ ನನ್ನ ದಡ್ಡತನವನ್ನೇ ಮೊದಲು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಒಂದು ಮನೆಯಿಂದ ಕರೆ. ಹಸು ಎರಡು ದಿನದಿಂದ ಮೇವು ಮುಟ್ಟಿಲ್ಲ, ಬಾಯಲ್ಲಿ ಜೊಲ್ಲು, ಸ್ವರ ಒಡೆದು ವಿಚಿತ್ರವಾಗಿ ಕೂಗುತ್ತಿದೆ. ಹಲಸಿನ ಹಣ್ಣಿನ ಕಾಲ. "ಗಂಟಲಲ್ಲಿ ಬೀಜ ಸಿಕ್ಕೊಂಡಿರ್ಬೇಕು" ಎಂದು ಮನೆಯವರೇ ತೀರ್ಮಾನ ಮಾಡಿದ್ದರು. ಯಜಮಾನರು ಕೈ ಹಾಕಿ ನೋಡಿದ್ದರು, ಅವರ ತಮ್ಮ ನೋಡಿದ್ದರು, ಪಕ್ಕದ ಮನೆಯ ಹುಡುಗನೂ ನೋಡಿದ್ದ. ನಾನು ಬಂದವನೇ ತೋಳು ಮಡಿಸಿ ಬರಿಗೈಯನ್ನು ಮೊಣಕೈವರೆಗೆ ಹಾಕಿದೆ. ಬೀಜ ಇರಲಿಲ್ಲ. ನಾಲಿಗೆಯಲ್ಲಿ ಬಲವೇ ಇಲ್ಲ, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಅದು ಕೈಗೆ ತಾಗಿದ ಕ್ಷಣ ನನ್ನ ಬೆನ್ನು ತಣ್ಣಗಾಯಿತು. "ಇತ್ತೀಚೆಗೆ ನಾಯಿ ಏನಾದ್ರೂ ಕಚ್ಚಿತ್ತಾ?" ಎಂದು ಕೇಳಿದೆ. ಅಜ್ಜಿ ನೆನಪು ಮಾಡಿಕೊಂಡರು. ತಿಂಗಳ ಹಿಂದೆ ಮನೆ ನಾಯಿ ಎರಡು ದಿನ ಕಾಣೆಯಾಗಿತ್ತು, ಬಂದದ್ದು ಕೊಟ್ಟಿಗೆಗೆ ನುಗ್ಗಿ ಗಲಾಟೆ ಮಾಡಿ ಓಡಿಹೋಯಿತು, ಮತ್ತೆ ಬರಲಿಲ್ಲ.

ಮೂರನೇ ದಿನ ಹಸು ಸತ್ತಿತು. ಮೆದುಳಿನ ಸ್ಯಾಂಪಲ್ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಹೋಯಿತು. ರೇಬೀಸೇ. ವರದಿ ಬರುವ ಮೊದಲೇ ನಾವು ನಾಲ್ಕೂ ಜನ ಸಾಲಾಗಿ ನಿಂತು ಚುಚ್ಚಿಸಿಕೊಳ್ಳಲು ಶುರು ಮಾಡಿದ್ದೆವು. ಆ ದಿನ, ಮೂರನೇ ದಿನ, ಏಳು, ಹದಿನಾಲ್ಕು, ಇಪ್ಪತ್ತೆಂಟು. ಆ ನಾಯಿಗೆ ಕಾಡಿನಲ್ಲಿ ನರಿ ಕಚ್ಚಿತೋ, ಬೇರೆ ಊರಿನ ನಾಯಿ ಕಚ್ಚಿತೋ ಯಾರಿಗೂ ಗೊತ್ತಿಲ್ಲ. ಮೂರು ತಿಂಗಳ ಮರಿಯಿದ್ದಾಗ ಒಂದು, ಆಮೇಲೆ ವರ್ಷಕ್ಕೊಂದು ಲಸಿಕೆ ಬಿದ್ದಿದ್ದರೆ ಹಸುವೂ ಉಳಿಯುತ್ತಿತ್ತು, ನಮ್ಮ ನಿದ್ದೆಯೂ. ಈಗ ಜೊಲ್ಲು ಸುರಿಸುವ ದನ ಅಂದರೆ ಮೊದಲು ಗ್ಲೌಸ್, ಆಮೇಲೆ ಮಾತು. ನಿಮಗೂ ಅದೇ ಹೇಳುವುದು, ದನದ ಬಾಯಿಗೆ ನೀವು ಕೈ ಹಾಕಬೇಡಿ. ನಾಯಿ ಕಚ್ಚಿದರೆ ಅರಿಶಿನ, ಸುಣ್ಣ, ಮೆಣಸಿನ ಪುಡಿ ಯಾವುದೂ ಬೇಡ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಹದಿನೈದು ನಿಮಿಷ ಅಂದರೆ ಬಹಳ ಹೊತ್ತು, ಗಡಿಯಾರ ನೋಡಿಕೊಂಡೇ ತೊಳೆಯಿರಿ.

ತರುವುದಾಯಿತು, ಕೊಟ್ಟು ಬರುವುದೂ ಇದೆ. 2018ರ ಸೆಪ್ಟೆಂಬರಿನಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಸಿಂಹಗಳು ಸತ್ತವು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಡಿಸ್ಟೆಂಪರ್ ವೈರಸ್. ನಾಯಿಮರಿಗೆ ಕಣ್ಣು ಮೂಗು ಸೋರಿ, ಕೊನೆಗೆ ಕಾಲು ಅದುರಿ ಫಿಟ್ಸ್ ಬರುತ್ತದಲ್ಲ, ಅದೇ ಡಿಸ್ಟೆಂಪರ್. ನಮ್ಮ ಕಾಡಿನ ಸೀಳುನಾಯಿಗಂತೂ ಇದು ಹತ್ತಿರದ ನೆಂಟನ ರೋಗ. ದನದ ರೋಗವೂ ಹೀಗೇ ಕಾಡಿಗೆ ದಾಟಿದೆ. ಹಿಂದೆ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದಾಗ ಬಂಡೀಪುರ, ಮುದುಮಲೈ ಕಡೆ ಕಾಟಿಗಳು ಗುಂಪುಗುಂಪಾಗಿ ಸತ್ತಿದ್ದವು. ಲಸಿಕೆ ಹಾಕಿ ಹಾಕಿಯೇ 2011ರಲ್ಲಿ ಆ ರೋಗ ಭೂಮಿಯ ಮೇಲಿಂದ ಹೋಯಿತು. ಹಾಗಾಗಿ ಕಾಲುಬಾಯಿ ಜ್ವರದ ಲಸಿಕೆಗೆ ನಮ್ಮವರು ಮನೆ ಬಾಗಿಲಿಗೆ ಬಂದಾಗ "ಹಾಲು ಕಡಿಮೆ ಆಗುತ್ತೆ" ಎಂದು ವಾಪಸ್ ಕಳಿಸಬೇಡಿ. ಎರಡು ದಿನ ಕಡಿಮೆ ಆಗಬಹುದು, ನಿಜ.

ಇನ್ನು ನನಗೆ ಸಿಟ್ಟು ಬರುವ ವಿಷಯ. ಹೆಣ್ಣು ಮರಿ ಹುಟ್ಟಿದರೆ ಚೀಲದಲ್ಲಿ ತುಂಬಿ ಘಾಟಿ ರಸ್ತೆಯಲ್ಲಿ ಬಿಟ್ಟು ಬರುವುದು. "ಕೊಂದ ಪಾಪ ಬೇಡ" ಅನ್ನುತ್ತಾರೆ. ಮರಿಗಳಲ್ಲಿ ಹೆಚ್ಚಿನವು ಸಾಯುತ್ತವೆ. ಉಳಿದ ಒಂದೆರಡು ಗುಂಪು ಕಟ್ಟಿಕೊಂಡು ಕಾಡುಕುರಿ, ಮೊಲ, ಉಡ ಬೇಟೆಯಾಡುತ್ತವೆ. ಆ ಪಾಪ ಯಾರ ಲೆಕ್ಕಕ್ಕೆ? ಹೆಣ್ಣು ನಾಯಿಗೆ ಆಪರೇಷನ್ ಮಾಡಿಸುವುದು ಒಂದು ಬೆಳಗಿನ ಕೆಲಸ.

ಹಾವಿನ ವಿಷಯ ಚಿಕ್ಕದಾಗಿ. ನಾಯಿಗೆ ಹಾವು ಕಚ್ಚುವುದು ಬಹುಪಾಲು ಮುಖಕ್ಕೆ, ಇಲ್ಲವೇ ಮುಂಗಾಲಿಗೆ. ಮೂತಿ ಊದಿಕೊಂಡು ಬಂದ ನಾಯಿಯ ರಕ್ತ ಎರಡು ಮಿಲಿ ತೆಗೆದು, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, ಅಲ್ಲಾಡಿಸದೆ ಇಪ್ಪತ್ತು ನಿಮಿಷ ಇಡುತ್ತೇನೆ. ಆಮೇಲೆ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ಕೊಳಕುಮಂಡಲದ ಮೇಲೆ ಅನುಮಾನ. ಔಷಧಿ ಮನುಷ್ಯರಿಗೆ ಕೊಡುವ ವಿಷನಿವಾರಕವೇ. ಕಚ್ಚಿದ ಜಾಗ ಕೊಯ್ದು, ಬಿಗಿದು ಕಟ್ಟಿ ತರಬೇಡಿ, ಸುಮ್ನೆ ಎತ್ತಿಕೊಂಡು ಬೇಗ ಬನ್ನಿ. ಕಾಳಿಂಗ ಬಂದರೆ ಮಾತ್ರ ಲೆಕ್ಕ ಬೇರೆ. ಅದರ ವಿಷಕ್ಕೆ ನಮ್ಮಲ್ಲಿ ಸಿಗುವ ವಿಷನಿವಾರಕ ಕೆಲಸ ಮಾಡುವುದಿಲ್ಲ. ಅದು ಬರುವುದು ಕೇರೆ, ನಾಗರ ತಿನ್ನಲು, ನಮ್ಮ ತಂಟೆಗಲ್ಲ. 2024ರಲ್ಲಿ ಪಶ್ಚಿಮಘಟ್ಟದ ಕಾಳಿಂಗವೇ ಬೇರೆ ಜಾತಿ ಎಂದು ಗುರುತಿಸಿ, ವಿಜ್ಞಾನಿಗಳು ಅದಕ್ಕೆ ನಮ್ಮ ಕನ್ನಡದ 'ಕಾಳಿಂಗ' ಎನ್ನುವ ಹೆಸರನ್ನೇ ಕೊಟ್ಟಿದ್ದಾರೆ. ಹಾವು ಹಿಡಿಯುವವರಿಗೆ ಫೋನ್ ಮಾಡುವ ಮೊದಲು ನಾಯಿಯನ್ನು ಒಳಗೆ ಕಟ್ಟಿ. ಹಾವು ತಾನಾಗಿ ಹೋಗುವುದನ್ನು ತಪ್ಪಿಸುವುದೇ ನಾಯಿಯ ಬೊಗಳು.

ಕರಿಯನ ಯಜಮಾನರು ಆಮೇಲೆ ಇನ್ನೊಂದು ಮರಿ ತಂದರು. ಗೂಡನ್ನೂ ಮಾಡಿಸಿದರು, ವೆಲ್ಡ್ ಮೆಶ್ಶಿನದೇ. ಮೊದಲ ಮೂರು ರಾತ್ರಿ ಅದು ಊಳಿಟ್ಟು ಮನೆಯವರ ನಿದ್ದೆ ಕೆಡಿಸಿತಂತೆ. ನಾಲ್ಕನೇ ರಾತ್ರಿ ಅವರೇ ಗೂಡಿನ ಪಕ್ಕ ಚಾಪೆ ಹಾಸಿ ಮಲಗಿದರಂತೆ, ಆವತ್ತಿನಿಂದ ಸರಿಹೋಯಿತು. ರೇಬೀಸ್ ಲಸಿಕೆ ಹಾಕಲು ಹೋದಾಗ ಇದನ್ನೆಲ್ಲ ಹೇಳಿ, "ನಾಯಿ ಸಿಗ್ಲಿಲ್ಲ ಅಂತ ಕುರ್ಕ ಕರುವಿಗೆ ಬಂದ್ರೆ ಏನ್ ಮಾಡೋದು ಡಾಕ್ಟ್ರೇ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಕೊಟ್ಟಿಗೆಯ ಬಾಗಿಲು ನೋಡಲು ಹೋದೆ. ಚಿಲಕದ ಜಾಗದಲ್ಲಿ ಒಂದು ಮೊಳೆ, ಅದಕ್ಕೆ ಸುತ್ತಿದ ತೆಂಗಿನ ನಾರಿನ ಹಗ್ಗ.